ಮೊದಲು ನಿಮಗೂ ಒಂದು ತಟ್ಟೆ ಹಾಕಿಕೊಳ್ಳಿ

ಮದುವೆಮನೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ನಿಮಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತದೆಯೇ? ಗುಂಪಿನಲ್ಲಿ ನಿಲ್ಲಲೇಬೇಕಾಗಿ ಬಂದರೆ ಯಾರಾದರೂ ಎತ್ತರದವರ ಹಿಂದೆ ಸರಿದು, ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಉಸಿರು ಬಿಗಿಹಿಡಿದು ನಿಲ್ಲುತ್ತೀರಾ? ಹಾಗಿದ್ದರೆ ಸೋದರಿ, ಈ ಲೇಖನ ನಿಮಗಾಗಿಯೇ. ಏಕೆಂದರೆ ಹದಿನೈದು ವರ್ಷ ನಾನು ಮಾಡಿದ್ದೂ ಅದನ್ನೇ.

2022ರ ಮೇ ತಿಂಗಳು. ಅರಸೀಕೆರೆಯಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಮನೆಮಂದಿಯೆಲ್ಲ ಸೇರಿದ ಫೋಟೋ ಆಗಬೇಕು ಎಂದು ಎಲ್ಲರನ್ನೂ ಕೂಗಿ ಕರೆದರು. ನಾನು ಎಂದಿನಂತೆ ಹಿಂದಿನ ಸಾಲಿಗೆ ಹೋದೆ. ಫೋಟೋದ ಹುಡುಗ, "ಅಕ್ಕಾ, ಹಸಿರು ಸೀರೆಯವರು, ಸ್ವಲ್ಪ ಮುಂದೆ ಬನ್ನಿ, ಮುಖ ಕಾಣ್ತಿಲ್ಲ" ಎಂದ. "ಬೇಡಪ್ಪಾ, ನಾನು ಮುಂದೆ ಬಂದ್ರೆ ನಿನ್ನ ಫೋಟೋದಲ್ಲಿ ಬೇರೆ ಯಾರಿಗೂ ಜಾಗ ಇರಲ್ಲ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆಯವರು ಅನ್ನುವ ಮೊದಲು ನಾವೇ ಅಂದುಬಿಟ್ಟರೆ ನೋವು ಕಡಿಮೆ ಎಂಬುದು ದಪ್ಪಗಿರುವವರಿಗೆಲ್ಲ ಗೊತ್ತಿರುವ ಉಪಾಯ.

ಆಗ ನನ್ನ ಮಗಳು ಮೆಲ್ಲಗೆ ಬಂದು ನನ್ನ ಬೆನ್ನ ಹಿಂದೆ ನಿಂತಳು. ಹದಿನೈದು ವರ್ಷದ ಹುಡುಗಿ. "ನೀನ್ಯಾಕೇ ಇಲ್ಲಿ? ಮುಂದೆ ಹೋಗು" ಎಂದೆ.

"ಬೇಡಮ್ಮ. ನಾನೂ ದಪ್ಪ ಕಾಣ್ತೀನಿ."

ಆಗ ಅವಳ ತೂಕ 44 ಕಿಲೋ.

ಮದುವೆ ಮುಗಿಸಿ ತಿಪಟೂರಿಗೆ ಬಂದಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ರಜೆ ಮುಗಿದು ಶಾಲೆ ಶುರುವಾದ ಎರಡನೇ ವಾರ ಅವಳ ಗೆಳತಿಯ ತಾಯಿ ಸಂತೆಯಲ್ಲಿ ಸಿಕ್ಕು, "ನಿಮ್ಮ ಮನೆ ಚಪಾತಿ ಬಲು ಮೆತ್ತಗಿರುತ್ತಂತೆ ಕಣ್ರೀ, ದಿನಾ ನಮ್ಮ ಹುಡುಗೀನೇ ತಿನ್ನೋದಂತೆ" ಎಂದರು. ಅವರು ಹೊಗಳಿದ್ದು. ನನ್ನ ಎದೆ ಧಸಕ್ಕೆಂದಿತು. ಮನೆಗೆ ಬಂದು ಕೇಳಿದರೆ ಮಗಳು ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಅಳುತ್ತಾ ಅಂದಳು: "ನೀನೇ ದಿನಾ ಹೇಳ್ತೀಯಲ್ಲಮ್ಮ, ತಿಂದ್ರೆ ಊದ್ಕೋತೀನಿ, ಈ ಮೈ ನೋಡಿದ್ರೆ ಅಸಹ್ಯ ಆಗುತ್ತೆ ಅಂತ. ನಾನು ನಿನ್ನ ಥರಾನೇ ಇದೀನಿ ಅಂತ ಎಲ್ಲರೂ ಅಂತಾರೆ."

ಕೇಳಿದಿರಾ? ನಾನು ಬೈದುಕೊಂಡಿದ್ದು ನನ್ನ ಮೈಯನ್ನು. ಕೇಳಿಸಿಕೊಂಡವಳು ನನ್ನ ಮಗಳು.

ಮರುದಿನವೇ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಮಗಳ ರಕ್ತದಲ್ಲಿ ಹಿಮೋಗ್ಲೋಬಿನ್ 9.4. ಅವಳ ವಯಸ್ಸಿಗೆ 12 ಇರಬೇಕು. ಅವಳಿಗೆ ಕಬ್ಬಿಣದ ಮಾತ್ರೆ ಬರೆದ ಮೇಲೆ ನನ್ನನ್ನೂ ತೂಕದ ಯಂತ್ರದ ಮೇಲೆ ಹತ್ತಿಸಿದರು. 82 ಕಿಲೋ. ನನ್ನ ಎತ್ತರ 5 ಅಡಿ 2 ಅಂಗುಲ. ರಕ್ತದೊತ್ತಡ 140/90, ಬೆಳಗಿನ ಬರಿಹೊಟ್ಟೆಯ ಸಕ್ಕರೆ 114. 100ರಿಂದ 125ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಎಂದೇ ಅರ್ಥ. "ಮಗಳಿಗೆ ಮಾತ್ರೆ ನಾನು ಕೊಟ್ಟಿದ್ದೀನಿ. ಮದ್ದು ಮಾತ್ರ ನಿಮ್ಮ ಹತ್ರ ಇದೆ ನೋಡಮ್ಮ. ನೀವು ಹೇಗೆ ಉಣ್ತೀರೋ ಅದನ್ನೇ ಅವಳು ನೋಡೋದು" ಎಂದರು.

ಒಂದೇ ಮನೆ, ಒಂದೇ ಅಡಿಗೆ. ತಾಯಿಗೆ ಬೊಜ್ಜು, ಮಗಳಿಗೆ ರಕ್ತವಿಲ್ಲ. ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ 30. ಅದೇ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ!

ಪಥ್ಯಗಳ ಜಾತ್ರೆ

ಹಾಗಂತ ನಾನು ಅದುವರೆಗೆ ಸುಮ್ಮನೆ ಕೂತಿದ್ದೆ ಎಂದುಕೊಳ್ಳಬೇಡಿ. ಮೈ ಇಳಿಸಲು ನಾನು ಮಾಡದ ಸಾಹಸವಿಲ್ಲ. ಒಂದು ತಿಂಗಳು ಬೆಳಿಗ್ಗೆ ನಿಂಬೆಹಣ್ಣಿನ ಬಿಸಿನೀರು, ಜೇನುತುಪ್ಪ. ಒಂದು ವಾರ ಬರೀ ಪರಂಗಿಹಣ್ಣು. ಒಮ್ಮೆ ಪರಿಚಯದ ಹೆಂಗಸೊಬ್ಬರು ಡಬ್ಬಿಯ ಪುಡಿ ತಂದು, ಹಾಲಿಗೆ ಕಲಸಿ ಕುಡಿದರೆ ತಿಂಗಳಿಗೆ ಆರು ಕಿಲೋ ಗ್ಯಾರಂಟಿ ಎಂದರು. ಇಳಿದದ್ದು ನನ್ನ ಚೀಟಿಯ ದುಡ್ಡು. ಹೊಟ್ಟೆಗೆ ಬಿಗಿಯುವ ಪಟ್ಟಿಯನ್ನೂ ತರಿಸಿದ್ದೆ. ಅದರಿಂದ ಬೆವರು ಇಳಿಯಿತು, ಬೊಜ್ಜಲ್ಲ.

ಎಲ್ಲಕ್ಕಿಂತ ಹೆಚ್ಚು ಸಲ ಮಾಡಿದ್ದು ಉಪವಾಸ. ಸೋಮವಾರ, ಗುರುವಾರ, ಶನಿವಾರ. ದೇವರ ಹೆಸರಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ನೋಡಿ. ಒಂದು ಹೊತ್ತು ಉಂಡವ ಯೋಗಿ ಅಂತ ಅತ್ತೆಯವರೂ ಮೆಚ್ಚುತ್ತಿದ್ದರು. ಆದರೆ ರಾತ್ರಿ ಹನ್ನೊಂದಕ್ಕೆ ಈ ಯೋಗಿನಿ ಅಡಿಗೆಮನೆಯ ದೀಪವನ್ನೂ ಹಾಕದೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಬೆಳಿಗ್ಗೆ ಎದ್ದು ಮತ್ತೆ ತನಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದಳು.

ಮನಸ್ಸು ಗಟ್ಟಿಯಿಲ್ಲ, ನಾಲಿಗೆ ಚಪಲ, ಎಂದೇ ನನ್ನನ್ನು ನಾನು ಹಳಿದುಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು, ಅದು ನಾಲಿಗೆಯ ತಪ್ಪಲ್ಲವಂತೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಆರು ತಿಂಗಳು ಅವರಿಗೆ ಸಿಕ್ಕಿದ್ದು ಮಾಮೂಲಿಗಿಂತ ಅರ್ಧದಷ್ಟೇ ಊಟ. ತೂಕವೇನೋ ಇಳಿಯಿತು. ಅದರ ಜೊತೆಗೆ ಅವರು ಹಗಲು ರಾತ್ರಿ ಊಟದ ಮಾತನ್ನೇ ಆಡತೊಡಗಿದರು. ಅಡಿಗೆ ಪುಸ್ತಕ ಓದುತ್ತಾ ಕೂತರು, ಸಣ್ಣದಕ್ಕೆಲ್ಲ ಸಿಡುಕಿದರು, ಮಂಕಾದರು. ದೇಹವೂ ಜಾಣ. ಬರಗಾಲ ಬಂತು ಎಂದು ತಿಳಿದು ಖರ್ಚು ಕಡಿಮೆ ಮಾಡಿಕೊಂಡುಬಿಟ್ಟಿತು. ಮತ್ತೆ ಊಟ ಸಿಕ್ಕಾಗ ಹೊಟ್ಟೆ ತುಂಬಿದರೂ ಹಲವರಿಗೆ ಹಸಿವು ತೀರಲಿಲ್ಲ. ಅಷ್ಟು ಗಟ್ಟಿಮುಟ್ಟಾದ ಗಂಡಸರಿಗೇ ಹೀಗಾದರೆ, ದಿನವಿಡೀ ಒಲೆಯ ಮುಂದೆಯೇ ನಿಂತಿರುವ ನಮ್ಮ ಗತಿ ಏನು ಹೇಳಿ!

ಬೊಜ್ಜು ಎಲ್ಲಿಂದ ಬಂತು?

"ಒಂದು ವಾರ ಏನೂ ಬಿಡಬೇಡಿ. ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಡಿ, ಸಾಕು" ಎಂದರು ಡಾಕ್ಟರಮ್ಮ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದೆ. ಊಟ, ತಿಂಡಿಯೆಂದು ಬರೆದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ವಿಶೇಷವಿದ್ದದ್ದು ಮಿಕ್ಕ ಸಾಲುಗಳಲ್ಲಿ.

ಮಗ ಬಿಟ್ಟುಹೋದ ಅರ್ಧ ದೋಸೆ. ನನ್ನ ಊಟ ಮುಗಿದ ಮೇಲೂ ತಪ್ಪಲೆಯ ತಳದಲ್ಲಿ ಉಳಿಯಿತೆಂದು ಮೊಸರು ಕಲಸಿ ಮುಗಿಸಿದ ಅನ್ನ. ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ನಮ್ಮವರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಮನೆಯಲ್ಲಿ ಕೊಬ್ಬರಿಗೆ ಬರವಿಲ್ಲ. ಹೋಗುತ್ತಾ ಬರುತ್ತಾ ಒಂದೊಂದು ಚೂರು, ಜೊತೆಗೆ ಬೆಲ್ಲ. 25 ಗ್ರಾಂ ಒಣಕೊಬ್ಬರಿಯಲ್ಲೇ 160 ಕ್ಯಾಲೊರಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಎಂಟು ಚಮಚ ಸಕ್ಕರೆಯಲ್ಲಿ ಇನ್ನೊಂದು 160. ಎಲ್ಲ ಕೂಡಿದರೆ ನಾನು ಊಟವೆಂದು ಲೆಕ್ಕಕ್ಕೇ ಇಡದ ಈ ತುಣುಕುಗಳಲ್ಲಿ ದಿನಕ್ಕೆ 600 ಕ್ಯಾಲೊರಿಯ ಹತ್ತಿರ ಬಂತು!

ಇದರಲ್ಲಿ ಹಸಿವಿಗೆಂದು ತಿಂದದ್ದು ಬಹಳ ಕಡಿಮೆ. ಅನ್ನ ಬಿಸಾಡಬಾರದು, ಪಾಪ ಬರುತ್ತೆ ಅಂತ ತಿಂದದ್ದೇ ಹೆಚ್ಚು. ಮಕ್ಕಳು ಬಿಟ್ಟದ್ದು, ಯಜಮಾನರು ಬೇಡವೆಂದದ್ದು, ನಿನ್ನೆ ಉಳಿದದ್ದು, ಎಲ್ಲ ನನ್ನ ಪಾಲಿಗೆ. ನಮ್ಮ ತಾಯಿಯ ಮನೆಯ ಹಿತ್ತಲಲ್ಲಿ ಒಂದು ಕಲಗಚ್ಚಿನ ಬಾನಿ ಇತ್ತು. ಮನೆಯಲ್ಲಿ ಉಳಿದದ್ದು ಬಳಿದದ್ದೆಲ್ಲ ಅದಕ್ಕೆ. ಹಸುವಿಗಾದರೂ ಪುಣ್ಯ. ಪುಸ್ತಕದ ಆ ಪುಟ ನೋಡುತ್ತಾ ಅನ್ನಿಸಿತು, ಈ ಮನೆಯ ಕಲಗಚ್ಚಿನ ಬಾನಿ ನಾನೇ. ಆ ಬಾನಿಯನ್ನು ನಾನೇ ತುಂಬಿಸಿ, ತುಂಬಿದೆಯಲ್ಲ ಎಂದು ನಾನೇ ಬೈಯುತ್ತಿದ್ದೇನೆ.

ನನಗೂ ಒಂದು ತಟ್ಟೆ

ನೀವು ಕಡೆಯ ಸಲ ಎಲ್ಲರ ಜೊತೆ ಕೂತು, ನಿಮ್ಮದೇ ತಟ್ಟೆಯಲ್ಲಿ ಬಿಸಿ ಬಿಸಿ ಊಟ ಮಾಡಿದ್ದು ಯಾವಾಗ? ಹಬ್ಬದ ದಿನವೂ ಅಲ್ಲ, ಅಲ್ಲವೇ? ನಾನು ಕಟ್ಟೆಯ ಹತ್ತಿರ ನಿಂತು, ಬಾಣಲೆಯಿಂದಲೇ ನಾಲ್ಕು ತುತ್ತು ಎತ್ತಿಕೊಂಡು ಮುಗಿಸುವವಳು. ಹಾಗೆ ಉಂಡದ್ದು ಹೊಟ್ಟೆಗೂ ಗೊತ್ತಾಗುವುದಿಲ್ಲ, ಮನಸ್ಸಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಮತ್ತೆ ಡಬ್ಬಿಗೆ ಕೈ ಹೋಗುವುದು.

ಆದ್ದರಿಂದ ಮೊದಲ ತಿಂಗಳು ನಾನು ಮಾಡಿಕೊಂಡ ಬದಲಾವಣೆ ಒಂದೇ. ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ಎಲ್ಲರ ಜೊತೆ ನಾನೂ ತಟ್ಟೆ ಹಾಕಿಕೊಂಡು ಕೂತೆ. ಅತ್ತೆಯವರು, "ಬಡಿಸೋರು ಯಾರೇ?" ಎಂದರು. "ಅವರವರೇ ಹಾಕ್ಕೋತಾರೆ ಬಿಡಿ ಅತ್ತೆ" ಎಂದೆ. ಯಜಮಾನರು ಹುಳಿಯ ಸೌಟು ಹಿಡಿದು ಎರಡು ದಿನ ಮೈಮೇಲೆ ಚೆಲ್ಲಿಕೊಂಡರು. ಮೂರನೇ ದಿನ ಕಲಿತರು. ಹದಿನೈದು ದಿನ ಸುಮ್ಮನಿದ್ದ ಅತ್ತೆ ಒಂದು ರಾತ್ರಿ ನನ್ನ ತಟ್ಟೆಗೆ ತಾವೇ ಮುದ್ದೆ ಹಾಕುತ್ತಾ, "ನಾನು ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಬಿಸಿ ಮುದ್ದೆಯ ಮುಖ ನೋಡಿರಲಿಲ್ಲ ಕಣೇ. ನೀನಾದ್ರೂ ಕೂತ್ಕೋ" ಎಂದರು. ಆ ರಾತ್ರಿಯ ಊಟದ ರುಚಿ ನನಗೆ ಇನ್ನೂ ನೆನಪಿದೆ.

ಉಳಿದದ್ದಕ್ಕೆ ಏನು ಮಾಡುವುದು ಅಂತೀರಾ? ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಿಮೆ ಮಾಡಿದೆ. ಆದರೂ ಉಳಿದ ಅನ್ನ ಬೇಗ ಫ್ರಿಜ್ ಸೇರಿ ಬೆಳಿಗ್ಗೆ ಚಿತ್ರಾನ್ನವಾಯಿತು, ಎಲ್ಲರಿಗೂ. ತಟ್ಟೆಯಲ್ಲಿ ಬಿಟ್ಟದ್ದು ಹಿಂದಿನ ಬೀದಿಯ ಹಸುವಿಗೆ. ಬಿಟ್ಟವರಿಗೆ ಮಾರನೆಯ ದಿನ ಕಡಿಮೆ ಬಡಿಕೆ. ಅನ್ನಪೂರ್ಣೆಗೆ ಅವಮಾನವಾಗಲಿಲ್ಲ, ನನಗೂ ಆಗಲಿಲ್ಲ.

ಎರಡನೇ ತಿಂಗಳಿಂದ ತಟ್ಟೆಯ ಒಳಗಿನ ಬದಲಾವಣೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿದ್ದಾರೆ: ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು. ನಮ್ಮಲ್ಲಿ ಅನ್ನ ಗುಡ್ಡ, ಪಲ್ಯ ನಂಚಿಕೊಳ್ಳಲು. ಅದನ್ನು ತಿರುಗಿಸಿದೆ. ಮುದ್ದೆ ಬಿಡಲಿಲ್ಲ, ಸಣ್ಣದು ಮಾಡಿದೆ. ಅನ್ನ ಒಂದು ಸೌಟು. ಕೋಸಂಬರಿ ಹಬ್ಬಕ್ಕೆ ಮಾತ್ರ ಎಂದಿದ್ದದ್ದು ದಿನವೂ ಬಂತು. ಕಾಳು, ಬೇಳೆ, ಮೊಸರು ಹೆಚ್ಚಿತು. ಅವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಕಾಫಿ ಎರಡು ಲೋಟಕ್ಕೆ ಇಳಿಯಿತು, ಸಕ್ಕರೆ ಒಂದೊಂದು ಚಮಚ. ಒಗ್ಗರಣೆಗೆ ಎಣ್ಣೆ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ. ಯಾವ ಎಣ್ಣೆಯಾದರೂ ಅಷ್ಟೇ.

ಮಗಳಿಗೂ ಅದೇ ತಟ್ಟೆ. ಆದರೆ ಬೆಳೆಯುವ ಹುಡುಗಿ, ಅವಳಿಗೆ ಏನನ್ನೂ ಕಡಿಮೆ ಮಾಡಲಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಕೊಟ್ಟೆ, ಹುಳಿಯಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿಯುವುದನ್ನು ನಿಲ್ಲಿಸಿದೆ, ಅವು ಕಬ್ಬಿಣವನ್ನು ತಡೆಯುತ್ತವೆ.

ಕೆರೆ ಏರಿಯ ಮೇಲೆ

ನಡಿಗೆಯ ವಿಷಯದಲ್ಲೂ ಸತ್ಯ ಹೇಳಿಬಿಡುತ್ತೇನೆ. ನನ್ನಷ್ಟು ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 140 ಕ್ಯಾಲೊರಿಯ ಆಸುಪಾಸು, ಅಷ್ಟೇ. ಬೆಳಿಗ್ಗೆ ನಡೆದು ಬಂದೆನೆಂದು ಎರಡು ವಡೆ ತಿಂದರೆ ಲೆಕ್ಕ ಚುಕ್ತಾ ಆಗಿ ಇನ್ನೂ ಬಾಕಿ ಬರುತ್ತದೆ. ಆದರೂ ನಡೆಯಲೇಬೇಕು. ರಕ್ತದೊತ್ತಡಕ್ಕೆ, ಸಕ್ಕರೆಗೆ, ನಿದ್ದೆಗೆ, ಎಲ್ಲಕ್ಕಿಂತ ಮನಸ್ಸಿನ ಗೆಲುವಿಗೆ ಅದು ಬೇಕು. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷದಂತೆ ಐದು ದಿನ.

"ನಾವು ಮನೆಗೆಲಸ ಮಾಡಲ್ವಾ?" ಎಂದು ನಾನೂ ಕೇಳಿದ್ದೆ. ಮಾಡುತ್ತೇವೆ. ಆದರೆ ನಮ್ಮಮ್ಮ ಒರಳಲ್ಲಿ ರುಬ್ಬಿ, ಬಾವಿಯಿಂದ ಸೇದಿ, ಕಲ್ಲಿಗೆ ಬಟ್ಟೆ ಒಗೆದವಳು. ನನಗೆ ಮಿಕ್ಸಿ, ನಲ್ಲಿ, ವಾಷಿಂಗ್ ಮೆಷಿನ್ ಇದೆ. ದಣಿವು ಅಷ್ಟೇ ಆಗುತ್ತದೆ, ಮೈ ಮಾತ್ರ ಅಷ್ಟು ಆಡುವುದಿಲ್ಲ.

ಮೊದಲ ದಿನ ಕೆರೆ ಏರಿಯ ಮೇಲೆ ಹೋಗಲು ನಾಚಿಕೆ. ಯಾರಾದರೂ ನೋಡಿ ನಗುತ್ತಾರೆಂದು ಬೆಳಿಗ್ಗೆ ಐದೂವರೆಗೇ, ಕತ್ತಲಲ್ಲೇ ಹೋದೆ. ಹತ್ತು ನಿಮಿಷಕ್ಕೆ ಏದುಸಿರು. ವಾಪಸು ಬಂದೆ. ಮರುದಿನ ಹನ್ನೆರಡು ನಿಮಿಷ. ಪಕ್ಕದ ಮನೆಯ ಪದ್ಮಕ್ಕನೂ ಜೊತೆಯಾದಮೇಲೆ ಮಾತಿನಲ್ಲಿ ಅರ್ಧ ಗಂಟೆ ಹೋದದ್ದೇ ತಿಳಿಯದು. ಒಂದು ತಿಂಗಳಾದ ಮೇಲೆ ಬೆಳಕಲ್ಲೇ ಹೋಗತೊಡಗಿದೆ. ಯಾರೂ ನಗಲಿಲ್ಲ. ಅವರವರಿಗೆ ಅವರವರ ಗಡಿಬಿಡಿ. ನಲವತ್ತು ದಾಟಿದವರಿಗೆ ಮಾಂಸಖಂಡ ಸವೆಯುತ್ತಾ ಹೋಗುವುದರಿಂದ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು ಇವನ್ನೂ ಸೇರಿಸಿಕೊಂಡೆ.

ಉಂಡೆ ಕೊಬ್ಬರಿಯ ಪಾಠ

ಮೊದಲ ತಿಂಗಳು ಇಳಿದದ್ದು ಒಂದೂವರೆ ಕಿಲೋ. ಎರಡನೇ ತಿಂಗಳು ಒಂದು. ಮೂರನೇ ತಿಂಗಳು ಗೌರಿ-ಗಣೇಶ ಹಬ್ಬ, ಅರ್ಧ ಕಿಲೋ ಏರಿತು! ಅತ್ತೇಬಿಟ್ಟೆ. ಆಗ ನಮ್ಮವರು ಅಟ್ಟದ ಕಡೆ ಕೈ ತೋರಿಸಿ ಹೇಳಿದರು: "ಉಂಡೆ ಕೊಬ್ಬರಿ ಎಷ್ಟು ದಿನಕ್ಕೆ ಆಗುತ್ತೆ ಹೇಳು?"

ನಮ್ಮ ಸೀಮೆಯವರಿಗೆ ಇದು ಗೊತ್ತು. ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸುಮ್ಮನೆ ಇಡಬೇಕು. ಹತ್ತು ಹನ್ನೊಂದು ತಿಂಗಳು ಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆತುರಪಟ್ಟು ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. "ಇಪ್ಪತ್ತು ವರ್ಷದಲ್ಲಿ ಬಂದಿದ್ದು ಎರಡು ತಿಂಗಳಲ್ಲಿ ಹೋಗುತ್ತಾ?" ಎಂದರು. ಅವರ ಬಾಯಿಂದ ನಾನು ಕೇಳಿದ ಒಳ್ಳೆಯ ಮಾತುಗಳಲ್ಲಿ ಅದೊಂದು.

ಲೆಕ್ಕವೂ ಹಾಗೇ ಇದೆ. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಕೂಡಿಟ್ಟಿರುತ್ತದೆ. ದಿನಕ್ಕೆ 500 ಉಳಿಸಿದರೂ ಒಂದು ಕಿಲೋ ಕರಗಲು ಹದಿನೈದು ದಿನವಾಯಿತು. ಮೈ ಇಳಿದಂತೆ ಅದರ ಖರ್ಚೂ ಇಳಿಯುವುದರಿಂದ ಆಮೇಲೆ ಇನ್ನೂ ನಿಧಾನ. ವಾರಕ್ಕೆ ಮೂರು ಕಿಲೋ ಇಳಿಸುತ್ತೇವೆ ಅನ್ನುವವರು ಇಳಿಸುವುದು ಹೆಚ್ಚಾಗಿ ನೀರನ್ನು. ಮುಟ್ಟಿನ ದಿನಗಳ ಮುಂಚೆ, ಉಪ್ಪಿನಕಾಯಿ ಹಪ್ಪಳ ಜೋರಾಗಿ ತಿಂದ ಮಾರನೆಯ ದಿನ, ಒಂದೆರಡು ಕಿಲೋ ಏರಿದಂತೆ ತೋರಿದರೆ ಅದೂ ನೀರೇ. ಅಷ್ಟಕ್ಕೆ ಗಾಬರಿಯಾಗಿ ಊಟ ಬಿಡಬೇಡಿ. ದಿನವೂ ತೂಕ ನೋಡದೆ ಹದಿನೈದು ದಿನಕ್ಕೊಮ್ಮೆ ನೋಡಿ. ಅದಕ್ಕಿಂತ ದರ್ಜಿಯ ಟೇಪು ಒಳ್ಳೆಯದು. ನಮ್ಮ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಅಂಗುಲ ದಾಟಿದರೆ ಎಚ್ಚರಿಕೆ ಬೇಕು ಎನ್ನುತ್ತಾರೆ.

ಒಂದು ವರ್ಷಕ್ಕೆ 82ರಿಂದ 74ಕ್ಕೆ ಬಂದೆ. ಎರಡನೇ ವರ್ಷ 70ಕ್ಕೆ. ಅಲ್ಲಿಂದ ಕದಲಿಲ್ಲ. ಈಗಲೂ 70, 71.

ಇರುವ ಮೈಗೆ ಹೊಲಿಸಿದ ರವಿಕೆ

ಇಲ್ಲಿ ನೀವು ಕೇಳಬಹುದು, "ಅಷ್ಟೇನಾ? ಸಣ್ಣಗಾಗಲಿಲ್ವಾ?" ಇಲ್ಲ ಸೋದರಿ. ಮದುವೆಯಾದಾಗ ನಾನು 50 ಕಿಲೋ. ಆ ಹುಡುಗಿ ಇನ್ನು ಬರುವುದಿಲ್ಲ. ಎತ್ತರಕ್ಕೆ ತೂಕ ತಾಳೆ ನೋಡುವ ಬಿ.ಎಂ.ಐ. ಎಂಬ ಲೆಕ್ಕದ ಪ್ರಕಾರ ನಾನು ಈಗಲೂ ದಪ್ಪಗಿರುವವರ ಪಟ್ಟಿಯಲ್ಲೇ ಇದ್ದೇನೆ. ಆ ಲೆಕ್ಕ ಹಾಕಿದವರು 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಕ್ವೆಟಲೆ ಎಂಬ ಗಣಿತಜ್ಞರು. ಊರಿನ ಜನರ ಸರಾಸರಿ ತಿಳಿಯಲು ಅದು ಹುಟ್ಟಿದ್ದು, ಒಬ್ಬೊಬ್ಬರಿಗೆ ಮಾರ್ಕು ಹಾಕಲು ಅಲ್ಲ. ಬಿ.ಎಂ.ಐ. ಎಂದು 1972ರಲ್ಲಿ ಹೆಸರಿಟ್ಟವರು ಉಪವಾಸದ ಪ್ರಯೋಗ ಮಾಡಿದ ಅದೇ ಕೀಸ್ ಮತ್ತು ಅವರ ಜೊತೆಯವರು. ಅದರಿಂದ ಉಪಯೋಗವಿಲ್ಲವೆಂದಲ್ಲ. ಅದು ಎಚ್ಚರಿಕೆಯ ಗಂಟೆ, ಅಷ್ಟೇ.

ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು, ಇರುವ ತೂಕದಲ್ಲಿ ನೂರಕ್ಕೆ 5ರಿಂದ 10 ಭಾಗ ಇಳಿದರೂ ಸಕ್ಕರೆ, ರಕ್ತದೊತ್ತಡ ಸುಧಾರಿಸುತ್ತವೆ ಎಂದು. ನನಗೆ ಅದು 4ರಿಂದ 8 ಕಿಲೋ. ನಾನು 12 ಇಳಿಸಿದ್ದೇನೆ. ಸಕ್ಕರೆ 97ಕ್ಕೆ ಬಂದಿದೆ, ರಕ್ತದೊತ್ತಡ 126/80. ಮಂಡಿನೋವು ಕಡಿಮೆಯಾಗಿದೆ. ಮಹಡಿ ಹತ್ತಿದರೆ ಉಸಿರು ಕಟ್ಟುವುದಿಲ್ಲ. ಇಷ್ಟು ಕೊಟ್ಟ ಮೈಯನ್ನು ಇನ್ನೂ ಬೈಯುವುದು ಯಾವ ನ್ಯಾಯ?

ನನ್ನ ಬೀರುವಿನಲ್ಲಿ ಹಳೆಯ ರವಿಕೆಗಳ ಒಂದು ಗಂಟಿತ್ತು. ಸಣ್ಣಗಾದಮೇಲೆ ಹಾಕಿಕೊಳ್ಳಲು ಎಂದು ಹದಿನೆಂಟು ವರ್ಷ ಕಾಯ್ದಿಟ್ಟದ್ದು. ಒಂದು ಮಧ್ಯಾಹ್ನ ಗಂಟು ಬಿಚ್ಚಿ ಬೇಕಾದವರಿಗೆ ಕೊಟ್ಟೆ. ಆಮೇಲೆ ಇರುವ ಅಳತೆಗೆ ನಾಲ್ಕು ಹೊಸ ರವಿಕೆ ಹೊಲಿಸಿದೆ. ಆಗಿನ್ನೂ ನನ್ನ ತೂಕ 78. ಕಂಕುಳಲ್ಲಿ ಬಿಗಿಯದ, ತೋಳಲ್ಲಿ ಕಚ್ಚದ ರವಿಕೆ ತೊಟ್ಟರೆ ನಡೆಯುವ ರೀತಿಯೇ ಬೇರೆ. ಸಣ್ಣಗಾದಮೇಲೆ ನನ್ನನ್ನು ನಾನು ಇಷ್ಟಪಡುತ್ತೇನೆ ಎಂದುಕೊಂಡಿದ್ದೆ. ಆದದ್ದು ತಿರುವುಮುರುವು. ಮೈಯನ್ನು ಮನೆಯವರಲ್ಲಿ ಒಬ್ಬರಂತೆ ವಿಚಾರಿಸಿಕೊಳ್ಳಲು ಶುರುಮಾಡಿದ ಮೇಲೆಯೇ ಅದು ಇಳಿಯಿತು.

ಇನ್ನೊಂದು ಕೆಲಸ ಕಷ್ಟದ್ದಾಗಿತ್ತು. ಬಸ್ಸು ಹತ್ತುವಾಗೆಲ್ಲ ನಮ್ಮವರು, "ಇವಳಿಗೆ ಒಂದೂವರೆ ಟಿಕೆಟ್ ಕೊಡಪ್ಪಾ" ಎಂದು ನಗಿಸುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಒಂದು ರಾತ್ರಿ ಹೇಳಿದೆ: "ನೀವು ಹಾಗೆ ಅಂದಾಗ ನಾನು ನಗ್ತೀನಿ, ಆದ್ರೆ ನಂಗೆ ನೋವಾಗುತ್ತೆ. ನಮ್ಮ ಹುಡುಗಿಯೂ ಕೇಳಿಸ್ಕೋತಾಳೆ." ಅವರು ಏನೂ ಅನ್ನಲಿಲ್ಲ. ದೀಪ ಆರಿಸಿ ಮಲಗಿದರು. ಆ ಮಾತು ಮತ್ತೆ ಅವರ ಬಾಯಲ್ಲಿ ಬಂದಿಲ್ಲ. ನಾನೂ ಒಂದು ನೇಮ ಇಟ್ಟುಕೊಂಡೆ, ಮಗಳ ಎದುರಿಗೆ ಯಾರ ಮೈಯ ಮಾತನ್ನೂ ಆಡುವುದಿಲ್ಲ. ನನ್ನದನ್ನೂ.

ನೀವೂ ಶುರುಮಾಡುವ ಮುನ್ನ

* ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕಡಿಮೆಯಿದ್ದರೂ ತೂಕ ಏರುತ್ತದೆ. ಅದಕ್ಕೆ ಮಾತ್ರೆ ಬೇಕು, ಪಥ್ಯ ಮಾತ್ರ ಸಾಲದು.
* ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಅಪಾಯವಾದೀತು.
* ಬಸುರಿಯರು, ಮೊಲೆಯೂಡುವ ತಾಯಂದಿರು, ಬೆಳೆಯುವ ಮಕ್ಕಳು ಮೈ ಇಳಿಸುವ ಪಥ್ಯ ಮಾಡಬಾರದು.
* ಒಂದು ತಿಂಗಳಿಗೆ ಒಂದೇ ಬದಲಾವಣೆ. ಅದು ರೂಢಿಯಾದ ಮೇಲೆ ಮುಂದಿನದು.
* ಹಬ್ಬದ ದಿನ ಒಬ್ಬಟ್ಟು ತಿನ್ನಿ. ಕೂತು, ತುಪ್ಪ ಹಾಕಿಕೊಂಡು, ಸಂತೋಷದಿಂದ ಒಂದು ತಿನ್ನಿ. ಕದ್ದು ತಿಂದ ಮೂರಕ್ಕಿಂತ ಅದು ಮೇಲು.

2024ರ ಡಿಸೆಂಬರಿನಲ್ಲಿ ಅದೇ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಮತ್ತೆ ಫೋಟೋ. ಈ ಸಲ ಯಾರೂ ಕರೆಯುವ ಮೊದಲೇ ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತೆ. ಮಗಳು ಪಕ್ಕದಲ್ಲಿ ಬಂದು ನಿಂತು ಹೆಗಲ ಮೇಲೆ ಕೈ ಇಟ್ಟಳು. ಆ ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ನನ್ನ ಹೊಟ್ಟೆ ಕಾಣುತ್ತದೆ, ಗಲ್ಲದ ಕೆಳಗಿನ ಇನ್ನೊಂದು ಗಲ್ಲವೂ ಕಾಣುತ್ತದೆ. ನಾನು ನಗುತ್ತಿರುವುದೂ ಕಾಣುತ್ತದೆ.

ಇವತ್ತು ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ ಎಣಿಸಿ ನೋಡಿ. ನಿಮ್ಮದನ್ನು ಸೇರಿಸಿದ್ದೀರಾ?

ದಿನದ ಊಟಕ್ಕೆ: ಮೊಳಕೆ ಹೆಸರುಕಾಳು, ಸೊಪ್ಪಿನ ಪಲ್ಯ (ನಾಲ್ವರಿಗೆ)

ಬೇಕಾಗುವ ಸಾಮಾನು: ಮೊಳಕೆ ಬಂದ ಹೆಸರುಕಾಳು 2 ಬಟ್ಟಲು, ದಂಟು ಅಥವಾ ಮೆಂತ್ಯದ ಸೊಪ್ಪು 2 ಕಟ್ಟು, ಈರುಳ್ಳಿ 1, ಹಸಿಮೆಣಸಿನಕಾಯಿ 3, ಬೆಳ್ಳುಳ್ಳಿ 4 ಎಸಳು, ಕಾಯಿತುರಿ 2 ಚಮಚ, ಎಣ್ಣೆ 2 ಚಿಕ್ಕ ಚಮಚ, ಸಾಸಿವೆ, ಕರಿಬೇವು, ಅರಿಸಿನ, ಉಪ್ಪು, ಅರ್ಧ ನಿಂಬೆಹಣ್ಣು.

ಮಾಡುವ ವಿಧಾನ: ಕಾಳನ್ನು ಅರಿಸಿನ ಹಾಕಿ, ಮುದ್ದೆಯಾಗದಂತೆ ಬೇಯಿಸಿ. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಇಟ್ಟುಕೊಳ್ಳಿ. ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ, ಈರುಳ್ಳಿ ಹಾಕಿ ಬಾಡಿಸಿ. ತೊಳೆದು ಹೆಚ್ಚಿದ ಸೊಪ್ಪು ಹಾಕಿ ಐದು ನಿಮಿಷ ಮುಚ್ಚಿಡಿ, ಸೊಪ್ಪಿನ ನೀರೇ ಸಾಕು. ಬೆಂದ ಕಾಳು, ಉಪ್ಪು ಬೆರೆಸಿ ಎರಡು ನಿಮಿಷ ಕೈಯಾಡಿಸಿ. ಇಳಿಸಿದ ಮೇಲೆ ಕಾಯಿತುರಿ ಉದುರಿಸಿ ನಿಂಬೆಹಣ್ಣು ಹಿಂಡಿ. ತಟ್ಟೆಯಲ್ಲಿ ಮೊದಲು ಇದನ್ನು ಬಡಿಸಿಕೊಂಡು, ಆಮೇಲೆ ಮುದ್ದೆಗೋ ಅನ್ನಕ್ಕೋ ಜಾಗ ಬಿಡಿ.